ಕಪಾಟಿನೊಳಗಿನ ಕರೆಂಟು: ನಿಗಡಿಯ ಒಂದು ಗ್ಯಾರೇಜಿನ ಪ್ರಕರಣ

ಪುಣೆ ಪಕ್ಕದ ನಿಗಡಿ ಪ್ರಾಧಿಕರಣದಲ್ಲಿ ನಡೆದ ಪ್ರಕರಣ ಇದು. ನಾನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. 22 ವರ್ಷದಿಂದ ಈ ಕಡೆ ಮನೆ ವೈರಿಂಗ್ ಮಾಡಿಸುತ್ತಿದ್ದೇನೆ. ಗ್ಯಾರೇಜಿನ ಗೋಡೆ ಮೇಲಿನ ಮೇನ್ ಸ್ವಿಚ್, ಡಿಬಿ (ಕರೆಂಟನ್ನು ಬೇರೆ ಬೇರೆ ಸಾಲಿಗೆ ಹಂಚುವ ಪೆಟ್ಟಿಗೆ), ಇನ್ವರ್ಟರ್, ಸುತ್ತ ಜೋತು ಬಿದ್ದ ವೈರು, ಇದನ್ನೆಲ್ಲ ಅಚ್ಚುಕಟ್ಟಾಗಿ ಮುಚ್ಚಿಕೊಡಿ ಅಂತ ಕೇಳುವವರು ಈಗೀಗ ಜಾಸ್ತಿ. ಈ ಮನೆಯಲ್ಲಿ ಮುಚ್ಚಿದ ಮೇಲೇ ತೊಂದರೆ ಶುರುವಾಯಿತು. ಮನೆಯವರು ಒಪ್ಪಿದ್ದರಿಂದ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ವೈರಿಂಗ್ ವಿಷಯ ಮಾತ್ರ ಕಂಡಿದ್ದು ಕಂಡ ಹಾಗೇ ಇದೆ.

ಮನೆ ಮತ್ತು ಆ ಗೋಡೆ

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಕುಟುಂಬ. ಯಜಮಾನರು ಚಿಂಚವಾಡದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರ ಹೆಂಡತಿಯನ್ನು ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ. ಭಾನುವಾರ ಬೆಳಿಗ್ಗೆ ಕಾರು ಹೊರಗೆ ನಿಲ್ಲಿಸಿ, ಗ್ಯಾರೇಜಿನಲ್ಲಿ ಜಮಖಾನ ಹಾಸಿ, ಸುತ್ತಮುತ್ತಲ ಕನ್ನಡ ಮನೆಗಳ ಮಕ್ಕಳಿಗೆ ಅಕ್ಕ ಅಕ್ಷರ ಕಲಿಸುತ್ತಾರೆ. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್. ಅಜ್ಜಿ ಜೊತೆ ಮಾತಾಡೋಕೆ ಕನ್ನಡ ಬರುತ್ತೆ, ಓದೋಕೆ ಬರಲ್ಲ. ಅಂಥ ಹತ್ತು ಹನ್ನೆರಡು ಮಕ್ಕಳು. ಮನೆಯಲ್ಲೂ 78 ವರ್ಷದ ಅಜ್ಜಿ ಇದ್ದಾರೆ. ಅವರಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಓದಲು ಬಾರದು.

ಮಕ್ಕಳು ಒರಗಿ ಕೂರುವ ಗೋಡೆಯ ಮೇಲೇ ಮನೆಯ ಇಡೀ ಕರೆಂಟು ಇತ್ತು. ಮೀಟರು ಹೊರಗೋಡೆಯಲ್ಲಿ. ಒಳಗೆ ಮೇನ್ ಸ್ವಿಚ್, 8 ದಾರಿಯ ಹಳೇ ಡಿಬಿ, ಸಂಪ್ ಮೋಟರಿನ ಸ್ಟಾರ್ಟರ್, ಇನ್ವರ್ಟರು, ನೆಲದ ಮೇಲೆ 150 ಎಎಚ್ ಟ್ಯೂಬುಲರ್ ಬ್ಯಾಟರಿ, ಹಿಟ್ಟಿನ ಗಿರಣಿಯ ಸಾಕೆಟ್, ಬ್ರಾಡ್‌ಬ್ಯಾಂಡ್ ಪೆಟ್ಟಿಗೆ. ಹಿಂದಿನ ವರ್ಷ ಎಲೆಕ್ಟ್ರಿಕ್ ಕಾರು ಬಂದ ಮೇಲೆ ಅದರ ಚಾರ್ಜಿಂಗ್ ಸಾಕೆಟ್ ಕೂಡ ಸೇರಿತು. ಪ್ರತಿ ಸಲ ಬಂದ ವೈರ್‌ಮನ್ ತನ್ನ ಕೆಲಸಕ್ಕೆ ಬೇಕಾದ ವೈರು ಎಳೆದು, ಮೊಳೆ ಹೊಡೆದು ಹೋಗಿದ್ದ. ಹಳೇದನ್ನು ಯಾರೂ ತೆಗೆದಿರಲಿಲ್ಲ. ಅಕ್ಕ ಮುಚ್ಚಿಸಬೇಕು ಅಂದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆರು ವರ್ಷದ ಹುಡುಗನೊಬ್ಬ ಪಾಠದ ನಡುವೆ ವೈರು ಹಿಡಿದು ಎಳೆದಿದ್ದನ್ನು ಅವರೇ ಕಣ್ಣಾರೆ ನೋಡಿದ್ದರು.

ಮೊದಲ ಪರಿಹಾರ

ಅವರು ಕರೆದಿದ್ದು ಬಡಗಿಯನ್ನು. ಆತ ನೆಲದಿಂದ ಏಳು ಅಡಿ ಎತ್ತರಕ್ಕೆ 18 ಎಂಎಂ ಪ್ಲೈವುಡ್‌ನ ಕಪಾಟು ಕಟ್ಟಿಕೊಟ್ಟ. ಮೇಲೆ ಬಿಳಿ ಲ್ಯಾಮಿನೇಟ್, ಎರಡು ಬಾಗಿಲು, ಚಿಲಕ, ಬೀಗ. ಕೆಲಸ ಚೆನ್ನಾಗಿತ್ತು, ಮೂಲೆಗಳು ಒಂದಕ್ಕೊಂದು ಕೂತಿದ್ದವು. ಕಪಾಟಿನಲ್ಲಿ ಹಿಡಿಸಲು ಒಬ್ಬ ವೈರ್‌ಮನ್ ಬಂದು ಎಲ್ಲ ವೈರನ್ನೂ ಒಂದೇ ದಪ್ಪ ಕಂತೆ ಮಾಡಿ ಪ್ಲಾಸ್ಟಿಕ್ ಟೈ ಬಿಗಿದ. ಉದ್ದ ಉಳಿದಿದ್ದನ್ನು ಸುರುಳಿ ಸುತ್ತಿ ಡಿಬಿಯ ಹಿಂದೆ ತುರುಕಿದ. ಇನ್ವರ್ಟರು, ಬ್ಯಾಟರಿ ಎರಡೂ ಅದೇ ಕಪಾಟಿನ ಕೆಳಗಿನ ಖಾನೆಗೆ ಹೋದವು. ಬೀಗದ ಕೈ ಅಡುಗೆಮನೆಯ ಡಬ್ಬಿಯಲ್ಲಿ.

ಒಂದೂವರೆ ತಿಂಗಳು ಎಲ್ಲ ಚೆನ್ನಾಗಿತ್ತು. ಏಪ್ರಿಲ್ ಬಂತು. ರಾತ್ರಿ ಕಾರು ಚಾರ್ಜಿಗೆ ಹಾಕಿದರೆ ಬೆಳಗಿನ ಜಾವ ಎಂಸಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನೇ ಕರೆಂಟು ಕಡಿಯುವ ಗುಂಡಿ, ಬಿದ್ದಿರುತ್ತಿತ್ತು. ಮತ್ತೆ ಎತ್ತಿದರೆ ನಿಲ್ಲುತ್ತಿತ್ತು, ಮರುದಿನ ಮತ್ತೆ ಬೀಳುತ್ತಿತ್ತು. ಆಗ ಇನ್ನೊಬ್ಬ ವೈರ್‌ಮನ್ ಬಂದ. ‘ಎಂಸಿಬಿ ವೀಕ್ ಆಗಿದೆ’ ಅಂದು 16 ಆಂಪಿನದನ್ನು ತೆಗೆದು 32 ಆಂಪಿನದು ಹಾಕಿ ಹೋದ. ಬೀಳುವುದು ನಿಂತಿತು. ಮೂರು ವಾರ ಕಳೆದ ಮೇಲೆ ಗ್ಯಾರೇಜಿನಲ್ಲಿ ಸಣ್ಣಗೆ ಒಂದು ವಾಸನೆ ಶುರುವಾಯಿತು, ಹಳೇ ಮೀನಿನ ವಾಸನೆ ಥರ. ಮನೆಯವರು ಇಲಿ ಸತ್ತಿರಬೇಕು ಅಂತ ಎರಡು ದಿನ ಹುಡುಕಿದರು. ನಂಗೆ ಫೋನ್ ಬಂದಿದ್ದು ಮೂರನೇ ದಿನ.

ಮೀನಿನ ವಾಸನೆ ಅಂದ ಕೂಡಲೇ ಚಾರ್ಜಿಂಗ್ ನಿಲ್ಲಿಸಿ ಅಂದೆ. ಸ್ವಿಚ್ಚು, ಸಾಕೆಟ್ಟುಗಳ ಪ್ಲಾಸ್ಟಿಕ್ ಅತಿ ಬಿಸಿಯಾದಾಗ ಇಂಥ ವಾಸನೆ ಬರುವುದುಂಟು. ಮನೆಯಲ್ಲಿ ಮೀನಿಲ್ಲದೆ ಮೀನಿನ ವಾಸನೆ ಬಂದರೆ ಮೊದಲು ಬೋರ್ಡುಗಳ ಹತ್ತಿರ ಹೋಗಿ ಅಂತ ಎಲ್ಲರಿಗೂ ಹೇಳುತ್ತೇನೆ.

ಬಾಗಿಲು ತೆಗೆದಾಗ

ಕಪಾಟಿನ ಬಾಗಿಲು ತೆಗೆದರೆ ಬಿಸಿ ಗಾಳಿ ಮುಖಕ್ಕೆ ರಾಚಿತು. ಚಾರ್ಜಿಂಗ್ ನಿಂತಿತ್ತು. ಆದರೂ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ನ್ಯೂಟ್ರಲ್ ಪಟ್ಟಿಯ (ಕರೆಂಟು ವಾಪಸ್ ಹೋಗುವ ವೈರುಗಳು ಸೇರುವ ಲೋಹದ ಪಟ್ಟಿ) ಒಂದು ಸ್ಕ್ರೂ 78 ಡಿಗ್ರಿ ತೋರಿಸಿತು. ಅಲ್ಲಿಗೆ ಬಂದ ಕಪ್ಪು ವೈರಿನ ತುದಿ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು. ಒಂದೇ ಸ್ಕ್ರೂ ಕೆಳಗೆ ಎರಡು ವೈರು ಸೇರಿಸಿದ್ದರು, ಒಂದು ದಪ್ಪ, ಒಂದು ಸಣ್ಣ. ಸ್ಕ್ರೂ ದಪ್ಪದ್ದನ್ನು ಮಾತ್ರ ಹಿಡಿದಿತ್ತು. ಸಣ್ಣದು ಸುಮ್ನೆ ತಾಗಿಕೊಂಡಿತ್ತು. ಕಾರಿನದು ಆ ಸಣ್ಣ ವೈರು.

ಕಂತೆಗೆ ಬಿಗಿದ ಟೈಗಳು ಇನ್ಸುಲೇಶನ್ ಒಳಕ್ಕೆ ಇಳಿದು ಗೆರೆ ಕೊರೆದಿದ್ದವು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಒಣಗಿದ ಹಲ್ಲಿ. ಗೇಟಿನ ದೀಪಕ್ಕೆ ಕರೆಂಟು ಒಯ್ಯುವ ಫೇಸ್ ವೈರು ಹಸಿರು ಬಣ್ಣದ್ದು! ಹಸಿರು ಅಂದರೆ ಅರ್ಥ್ ಅಂತ ನಂಬಿ ಮುಂದೆ ಯಾರಾದರೂ ಅದನ್ನು ಮುಟ್ಟಿದ್ದರೆ? ಆ ಯೋಚನೆ ಬಂದಾಗಲೆಲ್ಲ ಈಗಲೂ ಮೈ ಜುಂ ಅನ್ನುತ್ತದೆ.

ಎಲ್ಲಕ್ಕಿಂತ ಹೆದರಿಸಿದ್ದು ಕೆಳಗಿನ ಖಾನೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ತೆರೆದ ಜಾಗದಲ್ಲಿ ಅದು ಮೇಲೆ ಹೋಗಿ ಚದುರಿಬಿಡುತ್ತದೆ. ಮುಚ್ಚಿದ ಕಪಾಟಿನಲ್ಲಿ ಎಲ್ಲಿಗೆ ಹೋಗಬೇಕು? ಗಾಳಿಯಲ್ಲಿ ಹೈಡ್ರೋಜನ್ 4% ಮುಟ್ಟಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಖಾನೆಯ ನೇರ ಮೇಲೆ ಮೋಟರ್ ಸ್ಟಾರ್ಟರು, ಎಂಸಿಬಿಗಳು. ಆನ್, ಆಫ್ ಆದಾಗಲೆಲ್ಲ ಅವುಗಳ ಒಳಗೆ ಸಣ್ಣ ಕಿಡಿ ಹಾರುತ್ತದೆ. ಅವತ್ತೇ, ಬೇರೆ ಏನನ್ನೂ ಮುಟ್ಟುವ ಮೊದಲು, ಬಾಗಿಲು ಎರಡನ್ನೂ ಹಾರು ಹೊಡೆದು ಗಾಳಿಯಾಡಿಸಿ, ಬ್ಯಾಟರಿ ಬಿಚ್ಚಿ ಹೊರಗಿಟ್ಟೆ.

ಎಂಸಿಬಿ ಯಾಕೆ ಬೀಳುತ್ತಿತ್ತು

ಯಜಮಾನರು ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ದುಡಿದವರು. ಲೆಕ್ಕ ಹಾಕಿ ತೋರಿಸಿ ಅಂದರು. ಗ್ಯಾರೇಜಿನ ಕರಿಹಲಗೆ ಮೇಲೆ, ಅ ಆ ಇ ಈ ಪಕ್ಕದಲ್ಲೇ, ಬರೆದು ತೋರಿಸಿದೆ.

ಕಾರಿನ ಚಾರ್ಜರು 3.3 ಕಿಲೋವ್ಯಾಟಿನದು. 230 ವೋಲ್ಟಿಗೆ ಸುಮಾರು 14.3 ಆಂಪ್. ಗೀಸರೂ ಹೆಚ್ಚುಕಡಿಮೆ ಇಷ್ಟೇ ಎಳೆಯುತ್ತದೆ, ಆದರೆ ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತದೆ. ಕಾರು ಎಂಟು, ಒಂಬತ್ತು ಗಂಟೆ ಬಿಡದೆ ಎಳೆಯುತ್ತದೆ. ಸಾಕೆಟ್ಟಿಗೆ ಹೋಗಿದ್ದು 2.5 ಚದರ ಎಂಎಂ ತಾಮ್ರದ ವೈರು. ಪೈಪಿನಲ್ಲಿ ಒಂಟಿಯಾಗಿ, 30 ಡಿಗ್ರಿಯಲ್ಲಿ ಇದ್ದರೆ ಅದು 24 ಆಂಪ್ ಹೊರಬಲ್ಲದು. ಆರು ಸರ್ಕ್ಯೂಟು ಒಟ್ಟಿಗೆ ಕಟ್ಟಿದರೆ ಆ ಸಾಮರ್ಥ್ಯವನ್ನು 0.57ರಿಂದ ಗುಣಿಸಬೇಕು. ಬಂದಿದ್ದು 13.7. ಸುತ್ತಲಿನ ಗಾಳಿ 50 ಡಿಗ್ರಿ ಆದರೆ ಪಿವಿಸಿ ವೈರಿಗೆ ಮತ್ತೆ 0.71ರಿಂದ ಗುಣಿಸಬೇಕು. ಆಗ 9.7. ಕಂತೆಯ ಎಲ್ಲ ವೈರೂ ಪೂರ್ತಿ ಲೋಡ್ ಹೊತ್ತಾಗಿನ ಲೆಕ್ಕ ಇದು, ನಿಜ. ಆದರೆ ಬೇಸಿಗೆ ರಾತ್ರಿ ಆ ಮನೆಯಲ್ಲಿ ಎರಡು ಎಸಿ ಓಡುತ್ತಿದ್ದವು, ಇನ್ವರ್ಟರು ಚಾರ್ಜ್ ಆಗುತ್ತಿತ್ತು. ತುಂಬಾ ದೂರವೇನೂ ಇರಲಿಲ್ಲ.

ಎಂಸಿಬಿಯ ಮೇಲೆ ಬರೆದ ಆಂಪ್ ಕೂಡ 30 ಡಿಗ್ರಿಗೆ ಹೊಂದಿಸಿದ್ದು. ಒಳಗೊಂದು ಲೋಹದ ಪಟ್ಟಿ ಬಿಸಿಗೆ ಬಾಗಿ ಕರೆಂಟು ಕಡಿಯುತ್ತದೆ. ಕಪಾಟೇ ಬಿಸಿ ಇದ್ದರೆ ಆ ಪಟ್ಟಿ ಅರ್ಧ ದಾರಿ ಬಾಗಿಯೇ ಕೂತಿರುತ್ತದೆ. 16 ಆಂಪಿನದು 14ರ ಆಸುಪಾಸಿಗೇ ಬೀಳುತ್ತದೆ. ಅಂದರೆ ಹಳೇ ಎಂಸಿಬಿ ವೀಕ್ ಆಗಿರಲಿಲ್ಲ. ಒಳಗೆ ತಡೆಯಲಾಗದಷ್ಟು ಬಿಸಿ ಇದೆ ಅಂತ ಅದು ದಿನಾ ರಾತ್ರಿ ಹೇಳುತ್ತಿತ್ತು. 32 ಆಂಪಿನದು ಹಾಕಿದ ಮೇಲೆ ಹೇಳುವವರೇ ಇಲ್ಲದಾದರು. ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ತಪ್ಪು ಅದೇ. ಕಪಾಟು ಕಟ್ಟಿದ್ದು ತಿಳಿಯದೆ ಆದದ್ದು. ವೈರಿನ ದಪ್ಪ ನೋಡದೆ ಎಂಸಿಬಿ ದೊಡ್ಡದು ಹಾಕುವುದನ್ನು ನಾನು ಒಪ್ಪಲಾರೆ.

ಮತ್ತೆ ಹೇಗೆ ಮುಚ್ಚುವುದು

ಅಕ್ಕನ ಮೊದಲ ಮಾತು, ‘ಬಾಗಿಲಿಗೆ ತೂತು ಹೊಡದ್ರ ಆಗಂಗಿಲ್ಲೇನ್ರಿ? ಹದಿನೆಂಟು ಸಾವಿರ ಕೊಟ್ಟೀವಿ.’ ನಾನೂ ಯೋಚಿಸಿದೆ. ಮೇಲೆ ಕೆಳಗೆ ಜಾಲರಿ ಹಾಕಿದರೆ ಗಾಳಿ ಸ್ವಲ್ಪ ಆಡುತ್ತದೆ. ಕಂತೆ ಕಂತೆಯಾಗೇ ಉಳಿಯುತ್ತದೆ. ಬೀಗ ಉಳಿಯುತ್ತದೆ. ಮರವೂ ಉಳಿಯುತ್ತದೆ. ಬೇಡ ಅಂದೆ.

ಆಮೇಲೆ ನಾನೇ ಒಂದು ದಾರಿ ಹೇಳಿದೆ. ಗೋಡೆಯಲ್ಲಿ ಗ್ರೂವ್ ಹೊಡೆದು ಪೈಪುಗಳನ್ನೆಲ್ಲ ಒಳಗೆ ಹಾಕಿ, ಮೇಲೆ ಪ್ಲಾಸ್ಟರ್ ಮಾಡಿಬಿಡೋಣ, ಏನೂ ಕಾಣುವುದಿಲ್ಲ ಅಂತ. ಎಲ್ಲರಿಗೂ ಇಷ್ಟವಾಯಿತು. ಪರೀಕ್ಷೆಗೆಂದು ಎರಡು ಅಡಿ ಕೊರೆಸಿದೆ. ಕೆಳಗಿನ ಪ್ಲಾಸ್ಟರ್ ಹಿಟ್ಟಿನ ಹಾಗೆ ಉದುರಿತು, ಒಳಗೆ ಬಿಳಿ ಉಪ್ಪು. ಪಶ್ಚಿಮದ ಗೋಡೆ ಅದು. ಮಳೆಗಾಲದ ಹೊಡೆತ ನೇರ ಅದಕ್ಕೇ. ಇಲ್ಲಿಯವರು ‘ಓಲ್’ ಅನ್ನುವ ತೇವ ಸೆಪ್ಟೆಂಬರ್ ಮುಗಿದರೂ ಆರುವುದಿಲ್ಲ. ಮೇಲಾಗಿ ಗೋಡೆ ಬರೀ ನಾಲ್ಕೂವರೆ ಇಂಚಿನದು. ಅಷ್ಟು ಪೈಪು ಹಿಡಿಸುವ ಹಾಗೆ ಅಡ್ಡಡ್ಡ ಕೊರೆದರೆ ಗೋಡೆಯಲ್ಲಿ ಉಳಿಯುವುದೇನು? ನಾನೇ ಹೇಳಿದ ದಾರಿಯನ್ನು ನಾನೇ ಬಿಡಬೇಕಾಯಿತು. ಕೊರೆದ ಎರಡು ಅಡಿ ಮುಚ್ಚಿಸಿದೆ. ಅಷ್ಟಾದರೂ ಕೊರೆಸಿ ನೋಡಿದ್ದು ಒಳ್ಳೆಯದಾಯಿತು.

ಆ ಸಂಜೆ ಚಹಾ ಕುಡಿಯುತ್ತ ಅಕ್ಕನಿಗೆ ಒಂದು ಪ್ರಶ್ನೆ ಕೇಳಿದೆ. ಮೊದಲೇ ಕೇಳಬೇಕಿತ್ತು. ‘ನಿಮಗೆ ಕಾಣಬಾರದು ಅನ್ನಿಸುವುದು ಯಾವುದು? ಡಿಬಿ ಪೆಟ್ಟಿಗೆಯಾ, ವೈರಾ?’ ಅವರು ಗೋಡೆ ಕಡೆ ಸ್ವಲ್ಪ ಹೊತ್ತು ನೋಡಿದರು. ‘ಪೆಟ್ಟಿಗಿ ಇದ್ರ ಇರ್ಲಿ ಬಿಡ್ರಿ. ಆ ವೈರಿನ ಜೋತಾಟ ನೋಡಾಕ ಆಗಂಗಿಲ್ಲ. ಹುಡುಗ್ರ ಕೈಗೆ ಸಿಗಬಾರ್ದು.’

ಕೆಲಸದ ದಾರಿ ಬದಲಾಗಿದ್ದು ಅಲ್ಲಿ. ಡಿಬಿ ಅಂದರೆ ತಾನೇ ಒಂದು ಲೋಹದ ಪೆಟ್ಟಿಗೆ, ಅದಕ್ಕೆ ತನ್ನದೇ ಬಾಗಿಲಿದೆ. ಅದರ ಮೇಲೆ ಇನ್ನೊಂದು ಕಪಾಟು ಬೇಕಿಲ್ಲ. ಮುಚ್ಚಬೇಕಾದ್ದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವ ವೈರು ಮಾತ್ರ. ಮೀಟರನ್ನಂತೂ ಮುಚ್ಚುವ ಹಾಗೇ ಇಲ್ಲ. ಅದು ವಿದ್ಯುತ್ ಕಂಪನಿಯ ಸೊತ್ತು. ಅದರ ಸೀಲ್ ನಾವು ಮುಟ್ಟಬಾರದು, ಓದಲು ಬಂದವರಿಗೆ ಕಾಣಬೇಕು. ಸ್ವಿಚ್‌ಬೋರ್ಡಿನ ಮುಂದೆ ಕನಿಷ್ಠ 1 ಮೀಟರ್ ಖಾಲಿ ಜಾಗ ಇರಬೇಕು ಅಂತ ಸುರಕ್ಷತಾ ನಿಯಮ ಹೇಳುತ್ತದೆ. ಆ ಜಾಗದಲ್ಲಿ ಗಿರಣಿಯೂ ಸ್ಕೂಟರೂ ನಿಂತಿದ್ದವು. ಎರಡನ್ನೂ ಎದುರು ಗೋಡೆಗೆ ಕಳಿಸಿದೆವು.

ಕೆಲಸ

ಎರಡು ದಿನ ಹಿಡಿಯಿತು. ಮೊದಲು ಇನ್ವರ್ಟರ್ ಬಂದ್ ಮಾಡಿ ಅದರ ಔಟ್‌ಪುಟ್ ಬಿಚ್ಚಿದೆ. ಇದನ್ನು ಮರೆಯುವವರು ಬಹಳ ಜನ. ಮೇನ್ ಆಫ್ ಮಾಡಿದರೂ ಇನ್ವರ್ಟರ್ ಕಡೆಯ ವೈರಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಮೇನ್ ಸ್ವಿಚ್ಚಿಗೆ ಮೀಟರಿನಿಂದ ಬರುವ ತುದಿಯಲ್ಲೂ ಅಷ್ಟೇ. ಮನೆಯವರು ತಾವೇ ಈ ಕೆಲಸಕ್ಕೆ ಕೈ ಹಾಕಬಾರದು ಅನ್ನುವುದಕ್ಕೆ ನಾನು ಕೊಡುವ ಮೊದಲ ಕಾರಣ ಇದು.

ಹಳೇ ವೈರು ಬಿಚ್ಚಿ ನೆಲದ ಮೇಲೆ ಸಾಲಾಗಿ ಇಟ್ಟೆವು. ನಾಲ್ಕು ವೈರು ಎಲ್ಲಿಗೂ ಹೋಗುತ್ತಿರಲಿಲ್ಲ. ತುದಿ ಕತ್ತರಿಸಿದ ಸತ್ತ ವೈರುಗಳು. ಅವು ಹೋದ ಮೇಲೆ ಗೋಡೆ ಅರ್ಧ ಹಗುರವಾಯಿತು. ಯಾವ ಮನೆಯಲ್ಲೂ ಮುಚ್ಚುವ ಮೊದಲು ತೆಗೆಯುವ ಕೆಲಸ ಇದ್ದೇ ಇರುತ್ತದೆ ಅಂತ ನನ್ನ ಅನುಭವ.

ಹೊಸ 16 ದಾರಿಯ ಡಿಬಿ ನನ್ನ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಕೂತಿತು, ಅಜ್ಜಿಗೂ ಕೈ ಎಟುಕಲಿ ಅಂತ. ಎರಡೂ ಪಕ್ಕ, ಮೇಲಿಂದ ಕೆಳಗೆ, ವೈರು ಸಾಗಲು ಮುಚ್ಚಳ ಇರುವ ಅಗಲದ ಪಿವಿಸಿ ಕೊಳವೆ, ಅಂದರೆ ಟ್ರಂಕಿಂಗ್. ಗೋಡೆಗೆ ಅಂಟಿಸದೆ ಸಣ್ಣ ಸ್ಪೇಸರ್ ಕೊಟ್ಟು ಕೂರಿಸಿದೆ, ಓಲ್ ತಾಗದ ಹಾಗೆ. ಒಳಗೆ ಅರ್ಧಕ್ಕಿಂತ ಕಡಿಮೆ ತುಂಬಿದೆ. ಬ್ರಾಡ್‌ಬ್ಯಾಂಡ್ ಮತ್ತು ಕ್ಯಾಮೆರಾ ವೈರಿಗೆ ಬೇರೆಯೇ ಪೈಪು. ಕಾರಿಗೆ 4 ಚದರ ಎಂಎಂ ವೈರು, ಯಾರ ಜೊತೆಯೂ ಸೇರದ ಪೈಪಿನಲ್ಲಿ, 20 ಆಂಪ್ ಎಂಸಿಬಿ, ಅದಕ್ಕೇ ಅಂತ 30 ಮಿಲಿಆಂಪಿನ ‘ಎ’ ಟೈಪ್ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು. ಮನೆಗೆ ಮೊದಲು ಆರ್‌ಸಿಸಿಬಿಯೇ ಇರಲಿಲ್ಲ. ಸಾಕೆಟ್ಟು, ಮೋಟರಿನ ಸಾಲಿಗೆ ಇನ್ನೊಂದು ಹಾಕಿದೆ. ದೀಪಗಳ ಸಾಲು ಬೇರೆ, ಅದಕ್ಕೂ ಒಂದು. ಒಂದು ಬಿದ್ದರೆ ಮನೆಯೆಲ್ಲ ಕತ್ತಲಾಗಬಾರದು. ಅರ್ಥಿಂಗ್ ಕೂಡ ಹೊಸದಾಗಿ ಮಾಡಿಸಿದೆವು. ಪುಣೆಯ ನೆಲ ಕೆಳಗೆಲ್ಲ ಕಪ್ಪು ಬಂಡೆ, ಅದರ ಕಷ್ಟ ಬೇರೆಯೇ ಒಂದು ಬರಹ ಆದೀತು.

ನ್ಯೂಟ್ರಲ್ ಪಟ್ಟಿ ಮಾತ್ರ ನಾನೇ ಕಟ್ಟಿದೆ, ನನ್ನ ಕೆಲಸದ ಹುಡುಗರ ಕೈಗೆ ಕೊಡಲಿಲ್ಲ. ವೈರಿನ ತುದಿ ಸುಲಿದು, ತಾಮ್ರದ ಎಳೆ ಒಂದೂ ಹೊರಗೆ ಉಳಿಯದ ಹಾಗೆ ಲಗ್ (ಲೋಹದ ಸಣ್ಣ ಟೋಪಿ) ತೊಡಿಸಿ ಒತ್ತುವುದು. ಒಂದು ಸ್ಕ್ರೂಗೆ ಒಂದೇ ವೈರು. ಸ್ಕ್ರೂ ಬಿಗಿದ ಮೇಲೆ ವೈರನ್ನು ಎಳೆದು ನೋಡುವುದು. ಪ್ರತಿ ವೈರಿನ ಕೊರಳಿಗೆ ಎಂಸಿಬಿಯ ನಂಬರಿನ ಸಣ್ಣ ಉಂಗುರ. ಮುಂದೆ ರಿಪೇರಿಗೆ ಬೇಕಾಗುತ್ತದೆ ಅಂತ ಪ್ರತಿಯೊಂದಕ್ಕೂ ಒಂದು ಗೇಣು ಹೆಚ್ಚು ಉದ್ದ ಬಿಟ್ಟು, ಸುರುಳಿ ಸುತ್ತದೆ ಟ್ರಂಕಿಂಗಿನಲ್ಲಿ ಅಗಲವಾಗಿ ಬಾಗಿಸಿದ್ದು. ವೈರು ಒಳಬರುವ ತೂತುಗಳಿಗೆಲ್ಲ ಗ್ಲ್ಯಾಂಡ್, ಹಲ್ಲಿ ಇರುವೆ ಹೋಗದ ಹಾಗೆ. ಕೊನೆಗೆ ಎಲ್ಲ ಮುಚ್ಚಳ ಹಾಕಿ, ಟ್ರಂಕಿಂಗಿಗೂ ಡಿಬಿಗೂ ಹೊಂದುವ ಹಾಗೆ ಗೋಡೆಗೆ ತೆಳು ಬೂದು ಬಣ್ಣ ಬಳಿಸಿದೆವು. ಬಾಗಿಲಲ್ಲಿ ನಿಂತು ನೋಡಿದರೆ ಒಂದು ಪೆಟ್ಟಿಗೆ, ಎರಡು ನೇರ ಪಟ್ಟಿ ಕಾಣುತ್ತವೆ, ಅಷ್ಟೇ. ಒಂದೂ ವೈರಿಲ್ಲ.

ಚೀಟಿಗಳ ಕೆಲಸ ಅಕ್ಕನದು. ನಾನು ಇಂಗ್ಲಿಷಿನಲ್ಲಿ ಪ್ರಿಂಟ್ ಮಾಡಿಸಿ ತರುತ್ತೇನೆ ಅಂದಿದ್ದೆ. ಅವರು ಬೇಡ ಅಂದರು. ಮಕ್ಕಳಿಗೆ ಬರೆದು ತೋರಿಸುವ ಅದೇ ದುಂಡು ಅಕ್ಷರದಲ್ಲಿ ‘ಅಡಿಗಿಮನಿ’, ‘ಫ್ರಿಜ್’, ‘ಗಿರಣಿ’, ‘ಸಂಪ್ ಮೋಟರ್’, ‘ಕಾರು’ ಅಂತ ಒಂದೊಂದೇ ಬರೆದು, ಮೇಲೆ ಟೇಪ್ ಅಂಟಿಸಿದರು. ಮೇನ್ ಸ್ವಿಚ್ಚಿನ ಮೇಲೆ ಕೆಂಪು ಶಾಯಿಯಲ್ಲಿ, ‘ಇನ್ವರ್ಟರ್ ಐತಿ. ಇದು ಆಫ್ ಆದ್ರೂ ಕರೆಂಟ್ ಇರ್ತದ.’

ಆಮೇಲೆ

ಕೆಲಸ ಮುಗಿದ ವಾರಕ್ಕೆ, ಕಾರು ಮೂರು ಗಂಟೆ ಚಾರ್ಜ್ ಆದ ಮೇಲೆ ಹೋಗಿ ಅಳೆದೆ. ಗ್ಯಾರೇಜು 33 ಡಿಗ್ರಿ, ಅತಿ ಬಿಸಿ ಇದ್ದ ಸ್ಕ್ರೂ 41. ಎಂಸಿಬಿ ಮತ್ತೆ ಬಿದ್ದಿಲ್ಲ. ವರ್ಷಕ್ಕೊಮ್ಮೆ ಸ್ಕ್ರೂಗಳನ್ನು ಬಿಗಿ ನೋಡಿಸಬೇಕು ಅಂತ ಡಿಬಿ ಬಾಗಿಲಿನ ಒಳಗೆ ತಾರೀಕು ಬರೆದಿದ್ದೇನೆ. ಪ್ಲೈವುಡ್ ಕಪಾಟು ದಂಡವಾಗಲಿಲ್ಲ. ಎದುರು ಗೋಡೆಗೆ ಹೋಗಿ ಮಕ್ಕಳ ಪುಸ್ತಕದ ಕಪಾಟಾಯಿತು. ಬಗೆಹರಿಯದೆ ಉಳಿದಿದ್ದು ಬ್ಯಾಟರಿ. ಅದು ಕಿಟಕಿ ಕೆಳಗೆ, ಗಾಳಿಯಾಡುವ ಟ್ರಾಲಿಯ ಮೇಲೆ ಇದೆ. ನೋಡಲು ಚೆಂದವಿಲ್ಲ, ಅಕ್ಕನಿಗೆ ಇಷ್ಟವೂ ಇಲ್ಲ. ಅದನ್ನು ಮುಚ್ಚಿಕೊಡಲು ನಾನು ಒಪ್ಪಿಲ್ಲ.

ಈ ಮನೆಯ ನಂತರ ನನ್ನ ಪದ್ಧತಿಯೂ ಬದಲಾಗಿದೆ. ಯಾರಾದರೂ ಪ್ಯಾನೆಲ್ ಮುಚ್ಚಿಕೊಡಿ ಅಂದರೆ ಮೊದಲು ಅಳತೆ ಪಟ್ಟಿ ತೆಗೆಯುವುದಿಲ್ಲ. ಕಣ್ಣಿಗೆ ಕಾಣಬಾರದ್ದು ಯಾವುದು, ಕತ್ತಲಲ್ಲಿ ಕೈಗೆ ಸಿಗಬೇಕಾದ್ದು ಯಾವುದು ಅಂತ ಮನೆಯವರಿಂದ ಬೇರೆ ಬೇರೆ ಪಟ್ಟಿ ಮಾಡಿಸುತ್ತೇನೆ. ಬಡಗಿ ಇದ್ದರೆ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಎಂಸಿಬಿ ಬೀಳುತ್ತಿದೆ ಅಂದರೆ ಎಂಸಿಬಿಯನ್ನು ಕೊನೆಗೆ ನೋಡುತ್ತೇನೆ.

ಜುಲೈನಲ್ಲಿ ಒಂದು ಬೆಳಿಗ್ಗೆ ಏಳಕ್ಕೆ ಅಜ್ಜಿಯ ಫೋನ್ ಬಂತು. ರಾತ್ರಿಯಿಡೀ ಮಳೆ. ಮಗ, ಸೊಸೆ ಊರಿಗೆ ಹೋಗಿದ್ದರು. ದೀಪ ಇದೆ, ಫ್ರಿಜ್ ಇಲ್ಲ ಅಂದರು. ನೆಲ ಒಣಗಿದೆಯಾ, ಕಾಲಿಗೆ ಚಪ್ಪಲಿ ಇದೆಯಾ, ಕೈ ಒದ್ದೆ ಇಲ್ಲವಲ್ಲ ಅಂತ ಕೇಳಿಕೊಂಡೆ. ಕೆಳಗಿನ ಸಾಲಿನ ಎಲ್ಲ ಗುಂಡಿ ಇಳಿಸಿ, ದೊಡ್ಡದನ್ನು, ಅಂದರೆ ಆರ್‌ಸಿಸಿಬಿಯನ್ನು, ಎತ್ತಿ, ಆಮೇಲೆ ಒಂದೊಂದೇ ಎತ್ತುತ್ತ ಅದರ ಚೀಟಿ ಓದಿ ಅಂದೆ. ಅವರು ಗಟ್ಟಿಯಾಗಿ, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಓದಿದರು. ‘ಅಡಿಗಿಮನಿ. ಫ್ರಿಜ್. ಗಿರಣಿ. ಸಂಪ್ ಮೋಟರ್...’ ಟಪ್ ಅಂತ ಸದ್ದು ಕೇಳಿಸಿತು. ‘ಇದ ನೋಡ್ರಿ, ಇದನ್ನ ಎತ್ತಿದ್ರ ದೊಡ್ಡದು ಬಿತ್ತು’ ಅಂದರು. ಸಂಪಿನ ಹತ್ತಿರದ ಜಾಯಿಂಟಿಗೆ ನೀರು ಇಳಿದಿತ್ತು ಅಂತ ಮಧ್ಯಾಹ್ನ ಹೋದಾಗ ಗೊತ್ತಾಯಿತು. ಬೆಳಿಗ್ಗೆ ಫೋನಿನಲ್ಲಿ ಮಾತ್ರ ಸಂಪ್ ಮೋಟರಿನದೊಂದನ್ನು ಇಳಿಸಿ, ದೊಡ್ಡದನ್ನೂ ಉಳಿದದ್ದನ್ನೂ ಎತ್ತಿ ಅಂದೆ. ಎತ್ತಿದರು. ಹಾಲು ಕೆಡುವುದಿಲ್ಲವಲ್ಲ ಅಂತ ಒಮ್ಮೆ ಕೇಳಿ, ಫೋನ್ ಇಟ್ಟರು.